ಆಮ್ಲೀಯ ನೀರು ವಿಭಜನೆಯ ವೇಗವರ್ಧಕ: ಮೊದಲು ಚುರುಕು ನೋಡಬೇಕೆ, ಬಾಳಿಕೆ ನೋಡಬೇಕೆ?

ಯಲಹಂಕದ ಸಂಶೋಧನಾರ್ಥಿ

ಎಲ್ಲರಿಗೂ ನಮಸ್ಕಾರ. ಆಮ್ಲೀಯ ಪರಿಸರದಲ್ಲಿ ನೀರನ್ನು ವಿಭಜಿಸುವ ಎಲೆಕ್ಟ್ರೊಲೈಜರಿನ ಆನೋಡಿಗೆ, ಅಂದರೆ ಆಮ್ಲಜನಕ ಹೊರಬರುವ ಬದಿಗೆ, ಹೊಸ ವೇಗವರ್ಧಕವನ್ನು ರೂಪಿಸುವುದು ನನ್ನ ಪಿಎಚ್‌ಡಿಯ ವಿಷಯ. ಈ ವೇದಿಕೆಯಲ್ಲಿ ವಿದ್ಯುದ್ರಸಾಯನದವರೂ ಗಣಕ ಲೆಕ್ಕಾಚಾರದವರೂ ಕಾರ್ಖಾನೆಯವರೂ ಇರುವುದರಿಂದ, ಪ್ರಯೋಗಶಾಲೆಯೊಳಗೆ ನಾವು ವಾದಿಸುತ್ತಲೇ ಇರುವ ಒಂದು ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಪ್ರೋಟಾನ್ ಸಾಗಿಸುವ ಪೊರೆಯನ್ನು ಬಳಸುವ ಪಿಇಎಂ ಎಲೆಕ್ಟ್ರೊಲೈಜರಿನಲ್ಲಿ ನ್ಯಾಫಿಯಾನ್‌ನಂಥ ಪೊರೆಯೇ ಪ್ರಬಲ ಆಮ್ಲದಂತೆ ವರ್ತಿಸುತ್ತದೆ. ಆ ಆಮ್ಲವನ್ನೂ ಆನೋಡಿನ ಹೆಚ್ಚಿನ ವೋಲ್ಟೇಜನ್ನೂ ಒಟ್ಟಿಗೆ ತಾಳಿಕೊಳ್ಳುವ ವಸ್ತು ಇಂದಿಗೂ ವ್ಯಾವಹಾರಿಕವಾಗಿ ಒಂದೇ, ಇರಿಡಿಯಂ ಆಕ್ಸೈಡ್. ಜಗತ್ತಿನಲ್ಲಿ ವರ್ಷಕ್ಕೆ ಹೊರಬರುವ ಇರಿಡಿಯಂ ಸುಮಾರು 7ರಿಂದ 8 ಟನ್ ಮಾತ್ರ. ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳ ಉಪೋತ್ಪನ್ನವಾದ್ದರಿಂದ, ಬೇಡಿಕೆ ಹೆಚ್ಚಿತೆಂದು ಇರಿಡಿಯಮ್ಮನ್ನು ಮಾತ್ರ ಹೆಚ್ಚು ಅಗೆಯುವುದು ಸಾಧ್ಯವಿಲ್ಲ. 2021ರಲ್ಲಿ ಅದರ ಬೆಲೆ ಔನ್ಸಿಗೆ 6,000 ಡಾಲರ್ ದಾಟಿತ್ತು.

ಈಗ ಲೆಕ್ಕ ಹಾಕೋಣ. ಆನೋಡಿನ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಇರಿಡಿಯಂ ಹಾಕಿ, 2 ಆಂಪಿಯರ್ ಪ್ರವಾಹವನ್ನು 1.8 ವೋಲ್ಟಿನಲ್ಲಿ ಹರಿಸಿದರೆ, ಕಿಲೋವ್ಯಾಟಿಗೆ ಸುಮಾರು 0.55 ಗ್ರಾಂ, ಗಿಗಾವ್ಯಾಟಿಗೆ 550 ಕಿಲೋಗ್ರಾಂ ಇರಿಡಿಯಂ ಬೇಕಾಗುತ್ತದೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹೈಡ್ರೋಜನ್ ಗುರಿಯಿಟ್ಟಿದೆ. ಕಿಲೋಗ್ರಾಮಿಗೆ 50 ಯೂನಿಟ್ ಎಂದು ಹಿಡಿದರೆ, ಯಂತ್ರಗಳು ವರ್ಷವಿಡೀ ಒಂದು ಗಂಟೆಯೂ ನಿಲ್ಲದೆ ನಡೆದರೂ 28 ಗಿಗಾವ್ಯಾಟಿಗಿಂತ ಹೆಚ್ಚು ಸಾಮರ್ಥ್ಯ ಬೇಕು. ಎಲ್ಲವೂ ಪಿಇಎಂ ಆಗುವುದಿಲ್ಲ, ನಿಜ. ಆಗುವುದಾದರೆ ಇಡೀ ಜಗತ್ತಿನ ಎರಡು ವರ್ಷಗಳ ಇರಿಡಿಯಂ ನಮ್ಮ ಒಂದು ದೇಶದ ಒಂದು ಗುರಿಗೇ ಬೇಕಾಗುತ್ತದೆ.

ಆದ್ದರಿಂದ ಇರಿಡಿಯಮ್ಮನ್ನು ಹತ್ತನೇ ಒಂದು ಭಾಗಕ್ಕಾದರೂ ಇಳಿಸಬೇಕು, ಇಲ್ಲವೇ ಬಿಡಬೇಕು. ಪ್ರಕಟವಾಗುವ ಪ್ರಬಂಧಗಳಲ್ಲಿ ಬಹುಪಾಲು, ಕ್ರಿಯೆ ನಡೆಯಲು ಸಿದ್ಧಾಂತದ ಲೆಕ್ಕಕ್ಕಿಂತ ಹೆಚ್ಚಾಗಿ ಕೊಡಬೇಕಾದ ವೋಲ್ಟೇಜು, ಅಂದರೆ ಓವರ್‌ಪೊಟೆನ್ಷಿಯಲ್ ಎಷ್ಟು ಕಡಿಮೆಯಾಯಿತು ಎಂಬುದನ್ನೇ ಮುಂದಿಡುತ್ತವೆ, ಬಾಳಿಕೆಯ ಮಾತು ಕೊನೆಯ ಚಿತ್ರದಲ್ಲಿ ಬಂದುಹೋಗುತ್ತದೆ. ವಿನ್ಯಾಸವನ್ನು ಈ ಕ್ರಮದಲ್ಲೇ ಮಾಡಬೇಕೆ, ಅಥವಾ ತಿರುಗಿಸಿ, ಮೊದಲು ಕರಗದಿರುವುದನ್ನು ಹುಡುಕಿ ಆಮೇಲೆ ಅದನ್ನು ಚುರುಕಾಗಿಸಬೇಕೆ? ಇದೇ ನನ್ನ ಪ್ರಶ್ನೆ.

ಪೀಣ್ಯದ ಲೇಪನದವರು

ಮೇಡಂ, ನಾವು ಟೈಟಾನಿಯಂ ತಗಡಿನ ಮೇಲೆ ಲೇಪನ ಮಾಡುವವರು, ಆದ್ದರಿಂದ ಮೂಲ ಪ್ರಶ್ನೆಯನ್ನೇ ಕೇಳುತ್ತೇನೆ. ಕ್ಷಾರದ ಎಲೆಕ್ಟ್ರೊಲೈಜರುಗಳಿಗೆ ನಿಕಲ್ಲು ಕಬ್ಬಿಣ ಸಾಕು, ಅವೆರಡೂ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಆ ತಂತ್ರಜ್ಞಾನಕ್ಕೆ ನೂರು ವರ್ಷದ ಅನುಭವವೂ ಇದೆ. ಹೀಗಿರುವಾಗ ಇಷ್ಟು ದುಬಾರಿಯಾದ ಆಮ್ಲದ ದಾರಿಗೇ ಹೋಗಬೇಕಾದ ಅಗತ್ಯವೇನು?

ಬಸವನಗುಡಿಯ ನಿವೃತ್ತ ಮೇಷ್ಟ್ರು

ಈ ಪ್ರಶ್ನೆ ನ್ಯಾಯವಾದದ್ದು. ಕ್ಷಾರದ ದಾರಿ ಕೆಟ್ಟದ್ದೆಂದು ಯಾರೂ ಹೇಳಬಾರದು. ಸ್ಥಿರವಾದ ವಿದ್ಯುತ್ತು ಸಿಗುವ ಕಡೆ, ಜಾಗಕ್ಕೆ ಕೊರತೆಯಿಲ್ಲದ ಕಡೆ, ಅದೇ ಅಗ್ಗ. ಆದರೆ ಸಾಂಪ್ರದಾಯಿಕ ಕ್ಷಾರ ಕೋಶದಲ್ಲಿ ಎರಡು ಬದಿಗಳ ನಡುವೆ ಇರುವುದು ರಂಧ್ರಗಳುಳ್ಳ ಪರದೆ. ಪ್ರವಾಹ ತಗ್ಗಿದಾಗ ಉತ್ಪತ್ತಿಯಾಗುವ ಅನಿಲ ಕಡಿಮೆಯಾಗುತ್ತದೆ, ಪರದೆಯ ಮೂಲಕ ಆಚೆ ದಾಟುವ ಹೈಡ್ರೋಜನ್ ಮಾತ್ರ ಅಷ್ಟೇ ಇರುತ್ತದೆ, ಹೀಗಾಗಿ ಆಮ್ಲಜನಕದೊಳಗೆ ಅದರ ಪಾಲು ಏರುತ್ತಾ ಸ್ಫೋಟದ ಮಿತಿಯ ಕಡೆಗೆ ಹೋಗುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕನ್ನು ನೆನೆಸಿಕೊಳ್ಳಿ: ಬೆಳಿಗ್ಗೆ ಏರಿ ಸಂಜೆ ಇಳಿಯುವ, ಮೋಡ ಬಂದರೆ ನಿಮಿಷಗಳಲ್ಲಿ ಕುಸಿಯುವ ವಿದ್ಯುತ್ತಿನ ಜೊತೆ ಹೆಜ್ಜೆ ಹಾಕಬೇಕಾದರೆ ತೆಳುವಾದ, ದಟ್ಟವಾದ ಪೊರೆ ಬೇಕು. ಪಿಇಎಂ ಕೋಶ ಅದನ್ನು ಕೊಡುತ್ತದೆ, ಜೊತೆಗೆ ಸಣ್ಣ ಜಾಗದಲ್ಲಿ ಹೆಚ್ಚು ಪ್ರವಾಹವನ್ನೂ ಒತ್ತಡದಲ್ಲಿರುವ ಹೈಡ್ರೋಜನ್ನನ್ನೂ ಕೊಡುತ್ತದೆ. ಬೆಂಗಳೂರಿನಲ್ಲಿ 2021ರಲ್ಲಿ ಆರಂಭವಾದ ಓಮಿಯಂ ಕಾರ್ಖಾನೆ ತಯಾರಿಸುವುದೂ ಪಿಇಎಂ ಎಲೆಕ್ಟ್ರೊಲೈಜರುಗಳನ್ನೇ.

ಪ್ರೋಟಾನಿನ ಬದಲು ಹೈಡ್ರಾಕ್ಸೈಡ್ ಅಯಾನುಗಳನ್ನು ಸಾಗಿಸುವ ಹೊಸ ಕ್ಷಾರೀಯ ಪೊರೆಗಳು ಬರುತ್ತಿವೆ. ಅವು ಗಟ್ಟಿಗೊಂಡರೆ ಈ ಚರ್ಚೆಯ ಅರ್ಧ ತೂಕ ಇಳಿಯುತ್ತದೆ. ಸದ್ಯಕ್ಕೆ ಅವುಗಳ ಬಾಳಿಕೆ ನ್ಯಾಫಿಯಾನಿನ ಮಟ್ಟಕ್ಕೆ ಬಂದಿಲ್ಲ.

ಆಮ್ಲದ ಕಷ್ಟ ಎಲ್ಲಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹೈಡ್ರೋಜನ್ ಹೊರಬರುವ ಬದಿಯಾದ ಕ್ಯಾಥೋಡಿನಲ್ಲಿ ಕಷ್ಟವಿಲ್ಲ, ಆಮ್ಲದಲ್ಲಿ ಪ್ಲಾಟಿನಂ ಎಷ್ಟು ಚುರುಕೆಂದರೆ ಬಹಳ ಕಡಿಮೆ ಹಾಕಿದರೂ ನಡೆಯುತ್ತದೆ. ಆನೋಡಿನಲ್ಲಿ 1.5 ವೋಲ್ಟನ್ನು ದಾಟಿದ ವಿಭವವೂ ಪ್ರೋಟಾನುಗಳ ದಟ್ಟಣೆಯೂ ಸೇರಿದಾಗ ನಿಕಲ್, ಕಬ್ಬಿಣ, ಕೋಬಾಲ್ಟುಗಳ ಆಕ್ಸೈಡುಗಳು ಅಯಾನುಗಳಾಗಿ ಕರಗಿಹೋಗುತ್ತವೆ. ಇಂಗಾಲವನ್ನು ಆಧಾರವಾಗಿ ಇಡೋಣವೆಂದರೆ ಅದು ಉಷ್ಣಬಲ ಶಾಸ್ತ್ರದ ಪ್ರಕಾರ 0.21 ವೋಲ್ಟಿನಿಂದಲೇ ಇಂಗಾಲದ ಡೈಆಕ್ಸೈಡ್ ಆಗಲು ಸಿದ್ಧ. ಯಾವ ಆಮ್ಲತೆ, ಯಾವ ವಿಭವದಲ್ಲಿ ಒಂದು ವಸ್ತು ಯಾವ ರೂಪದಲ್ಲಿರುತ್ತದೆಂದು ತೋರಿಸುವ ಪೂರ್ಬೆ ನಕ್ಷೆಗಳನ್ನು ಹರಡಿಕೊಂಡು, ಹೆಚ್ಚು ಆಮ್ಲ, ಹೆಚ್ಚು ವಿಭವದ ಆ ಮೂಲೆಯಲ್ಲಿ ಘನರೂಪದಲ್ಲಿ ಉಳಿಯುವವು ಯಾವುವೆಂದು ನೋಡಿದರೆ ಟೈಟಾನಿಯಂ, ಟ್ಯಾಂಟಲಂ, ನಯೋಬಿಯಂ, ತವರ, ಆಂಟಿಮನಿಯಂಥವುಗಳ ಆಕ್ಸೈಡುಗಳು ಸಿಗುತ್ತವೆ. ಅವುಗಳಲ್ಲಿ ಬಹುತೇಕ ವಿದ್ಯುತ್ತನ್ನು ಸರಿಯಾಗಿ ಹರಿಸವು, ನೀರನ್ನು ಚುರುಕಾಗಿ ಒಡೆಯವು. ಉಳಿಯುವುದು ಕೆಲಸ ಮಾಡುವುದಿಲ್ಲ, ಕೆಲಸ ಮಾಡುವುದು ಉಳಿಯುವುದಿಲ್ಲ.

ಗಣಕ ರಸಾಯನಿ

ಮೇಷ್ಟ್ರ ಕೊನೆಯ ವಾಕ್ಯ ಕಾಕತಾಳೀಯವಲ್ಲ, ಅದರ ಹಿಂದೆ ಕಾರಣವಿದೆ. ಅದನ್ನು ಬಿಡಿಸಿ ಹೇಳಿದರೆ ಮೂಲ ಪ್ರಶ್ನೆಗೆ ಉತ್ತರದ ಒಂದು ಭಾಗ ಸಿಗಬಹುದು.

ನೀರಿನಿಂದ ಆಮ್ಲಜನಕ ಹುಟ್ಟುವ ಕ್ರಿಯೆಯಲ್ಲಿ ನಾಲ್ಕು ಎಲೆಕ್ಟ್ರಾನುಗಳು, ನಾಲ್ಕು ಪ್ರೋಟಾನುಗಳು ಒಂದೊಂದಾಗಿ ಹೊರಹೋಗಬೇಕು. ವಾಡಿಕೆಯ ವಿವರಣೆಯಂತೆ ಲೋಹದ ಒಂದು ತಾಣದ ಮೇಲೆ ಮೊದಲು ಓಎಚ್ ಗುಂಪು ಕೂರುತ್ತದೆ, ಅದು ಪ್ರೋಟಾನ್ ಕಳೆದುಕೊಂಡು ಬರಿಯ ಆಮ್ಲಜನಕ ಪರಮಾಣುವಾಗುತ್ತದೆ, ಇನ್ನೊಂದು ನೀರಿನ ಅಣು ಬಂದು ಸೇರಿ ಓಓಎಚ್ ಆಗುತ್ತದೆ, ಕೊನೆಗೆ ಆಮ್ಲಜನಕದ ಅಣು ಬಿಡುಗಡೆಯಾಗುತ್ತದೆ. ಪ್ರತಿ ಹೆಜ್ಜೆಗೂ 1.23 ಎಲೆಕ್ಟ್ರಾನ್ ವೋಲ್ಟ್ ತಗಲುವ ಮೇಲ್ಮೈ ಇದ್ದಿದ್ದರೆ ನಷ್ಟವೇ ಇರುತ್ತಿರಲಿಲ್ಲ. ಹಾಗಾಗಬೇಕಾದರೆ ಓಎಚ್ ಮತ್ತು ಓಓಎಚ್ ನಡುವಿನ ಅಂತರ 2.46 ಎಲೆಕ್ಟ್ರಾನ್ ವೋಲ್ಟ್ ಇರಬೇಕು. ಆದರೆ ಎರಡೂ ಒಂದೇ ಆಮ್ಲಜನಕದ ಮೂಲಕ ಲೋಹಕ್ಕೆ ಅಂಟುವುದರಿಂದ ಅವು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು: ಒಂದರ ಹಿಡಿತ ಬಿಗಿಯಾದರೆ ಇನ್ನೊಂದರದ್ದೂ ಬಿಗಿಯಾಗುತ್ತದೆ, ಅಂತರ ಬದಲಾಗುವುದಿಲ್ಲ. ಲೋಹ, ಆಕ್ಸೈಡ್ ಎಂಬ ಭೇದವಿಲ್ಲದೆ ನಾನಾ ಮೇಲ್ಮೈಗಳ ಲೆಕ್ಕಾಚಾರಗಳಲ್ಲಿ ಈ ಅಂತರ 3.2ರ ಆಸುಪಾಸಿನಲ್ಲೇ ಬಂದಿದೆ, ಹೆಚ್ಚೆಂದರೆ 0.2 ಆಚೀಚೆ. ಹೆಚ್ಚುವರಿಯಾದದ್ದನ್ನು ಎರಡು ಹೆಜ್ಜೆಗಳಿಗೆ ಹಂಚಿದರೆ ಸುಮಾರು 0.37 ವೋಲ್ಟ್. ಎಷ್ಟೇ ಜಾಣತನದಿಂದ ಲೋಹಗಳನ್ನು ಬೆರೆಸಿದರೂ ಈ ದಾರಿಯಲ್ಲಿ ನಡೆದರೆ ಆ ಗೋಡೆ ಅಲ್ಲೇ ಇರುತ್ತದೆ. ರುಥೇನಿಯಂ ಮತ್ತು ಇರಿಡಿಯಂ ಆಕ್ಸೈಡುಗಳು ಈಗಾಗಲೇ ಆ ಗೋಡೆಯ ಬಳಿಯೇ ನಿಂತಿವೆ.

ಗೋಡೆಯನ್ನು ಬಳಸಿ ಹೋಗುವ ದಾರಿಗಳಲ್ಲಿ ಹೆಚ್ಚು ಚರ್ಚೆಯಾಗಿರುವುದು ಜಾಲಕದ, ಅಂದರೆ ಆಕ್ಸೈಡಿನ ಪರಮಾಣುಗಳ ಚೌಕಟ್ಟಿನ, ಆಮ್ಲಜನಕವೇ ಕ್ರಿಯೆಯಲ್ಲಿ ಭಾಗವಹಿಸುವ ದಾರಿ. ಆಕ್ಸೈಡಿನೊಳಗಿನ ಆಮ್ಲಜನಕವನ್ನು 18 ತೂಕದ ಐಸೊಟೋಪಿನಿಂದ ಗುರುತಿಸಿಟ್ಟು, ಹೊರಬರುವ ಅನಿಲವನ್ನು, ಅಣುಗಳನ್ನು ತೂಕದಿಂದ ಗುರುತಿಸುವ ರಾಶಿ ರೋಹಿತಮಾಪಕದಲ್ಲಿ ನೋಡಿದರೆ ಅದು ಪತ್ತೆಯಾಗುತ್ತದೆ. ಓಓಎಚ್ ಹಂತವನ್ನು ತಪ್ಪಿಸುವುದರಿಂದ ಚುರುಕು ಹೆಚ್ಚುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಜಾಲಕದಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ, ಅದು ನೀರಿನಿಂದ ತುಂಬುವ ಮೊದಲೇ ಪಕ್ಕದ ಲೋಹದ ಪರಮಾಣು ಹಿಡಿತ ಕಳೆದುಕೊಂಡು ದ್ರಾವಣಕ್ಕೆ ಜಾರಬಹುದು. ನೀರನ್ನು ಹೆಚ್ಚು ಉಳ್ಳ, ಸ್ಫಟಿಕವಲ್ಲದ ಇರಿಡಿಯಂ ಆಕ್ಸೈಡ್ ಬಹಳ ಚುರುಕಾಗಿದ್ದು ಬೇಗ ಕರಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಅಂದರೆ ಚುರುಕೂ ಕರಗುವಿಕೆಯೂ ಒಂದೇ ಮೂಲದಿಂದ ಬರುತ್ತಿವೆ. ಓವರ್‌ಪೊಟೆನ್ಷಿಯಲ್ ಕಡಿಮೆ ಮಾಡಲೆಂದೇ ಹುಡುಕುತ್ತಾ ಹೋದರೆ, ನಮಗೆ ಗೊತ್ತಿಲ್ಲದೆಯೇ ಬೇಗ ಕರಗುವ ವಸ್ತುಗಳನ್ನು ಆರಿಸಿಕೊಳ್ಳುತ್ತಿರುತ್ತೇವೆ.

ಇನ್ನೊಂದು ದಾರಿಯ ಮೇಲೆ ನನಗೆ ಹೆಚ್ಚು ಭರವಸೆಯಿದೆ. ಅಕ್ಕಪಕ್ಕದ ಎರಡು ಲೋಹ ತಾಣಗಳ ಮೇಲೆ ಒಂದೊಂದು ಆಮ್ಲಜನಕ ಕೂತು, ಅವೆರಡೂ ನೇರವಾಗಿ ಕೈಹಿಡಿದುಕೊಂಡು ಅಣುವಾಗುವ ದಾರಿ ಅದು. ಇಲ್ಲಿ ಓಓಎಚ್ ಇಲ್ಲ, ಜಾಲಕಕ್ಕೂ ಗಾಯವಿಲ್ಲ. ಎರಡು ತಾಣಗಳ ನಡುವಿನ ದೂರ ಮಾತ್ರ ಸರಿಯಾಗಿರಬೇಕು. ಶುದ್ಧ ರುಥೇನಿಯಂ ಆಕ್ಸೈಡಿನ ರೂಟೈಲ್ ಎಂಬ ಸ್ಫಟಿಕ ರಚನೆಯಲ್ಲಿ ಅದು ಸುಲಭವಾಗಿ ಒದಗುವುದಿಲ್ಲ. ಹಾಗೆಂದು ಇತ್ತೀಚೆಗೆ ಸಿಕ್ಕಿದ ವಸ್ತುಗಳೆಲ್ಲ ಇದೇ ದಾರಿಯಲ್ಲಿ ನಡೆಯುತ್ತಿವೆ ಎಂದು ಹೇಳಿಕೊಳ್ಳುವ ಉತ್ಸಾಹವೂ ಹೆಚ್ಚಾಗಿದೆ. ಐಸೊಟೋಪ್ ಪ್ರಯೋಗದ ಬೆಂಬಲವಿಲ್ಲದ ಅಂಥ ಹೇಳಿಕೆಗಳನ್ನು ನಾನು ಬದಿಗಿಡುತ್ತೇನೆ.

ಯಲಹಂಕದ ಸಂಶೋಧನಾರ್ಥಿ

ಬಹಳ ಉಪಯುಕ್ತವಾಯಿತು, ಸರ್. ಹಾಗಾದರೆ ರುಥೇನಿಯಮ್ಮಿನ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯವೇನು? ಅದು ಇರಿಡಿಯಮ್ಮಿಗಿಂತ ಚುರುಕು, ಹೆಚ್ಚು ಲಭ್ಯ, ಬೆಲೆಯೂ ಬಹಳ ಕಡಿಮೆ. ಸುಮಾರು 1.4 ವೋಲ್ಟ್ ದಾಟಿದ ಮೇಲೆ ಟೆಟ್ರಾಕ್ಸೈಡ್ ಆಗಿ ಆವಿಯಾಗಬಲ್ಲದೆಂಬುದೇ ಅದರ ದೋಷ. 2023ರಲ್ಲಿ ನಿಕಲ್ ಬೆರೆಸಿದ ರುಥೇನಿಯಂ ಆಕ್ಸೈಡ್ ಪಿಇಎಂ ಕೋಶದಲ್ಲಿ ಚದರ ಸೆಂಟಿಮೀಟರಿಗೆ 200 ಮಿಲಿಆಂಪಿಯರಿನಲ್ಲಿ 1,000 ಗಂಟೆ ನಡೆದ ವರದಿ ಬಂತು. ನಮ್ಮಲ್ಲಿ ತಯಾರಾದ ರುಥೇನಿಯಂ ಮಾದರಿಯೊಂದು 10 ಮಿಲಿಆಂಪಿಯರಿನಲ್ಲಿ 100 ಗಂಟೆ ನಿಂತಿದೆ. ಇದನ್ನು ಒಳ್ಳೆಯ ಆರಂಭವೆಂದು ಭಾವಿಸಬಹುದೆ?

ಕೋಶ ಪರೀಕ್ಷಕ, ದೊಡ್ಡಬಳ್ಳಾಪುರ ರಸ್ತೆ

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯಲೇಬೇಕಾಯಿತು. ಮೇಡಂ, ಆ 100 ಗಂಟೆಯನ್ನು ಗಂಟೆಯಾಗಿ ನೋಡಬೇಡಿ, ಹಾದುಹೋದ ಆಮ್ಲಜನಕವಾಗಿ ನೋಡಿ.

10 ಮಿಲಿಆಂಪಿಯರ್ ಎಂಬ ಮಾನದಂಡ ಬಂದದ್ದು ಸೂರ್ಯನ ಬೆಳಕಿನಿಂದ ನೇರವಾಗಿ ನೀರು ಒಡೆಯುವ ಸಾಧನಗಳ ಲೋಕದಿಂದ. ಶೇಕಡಾ ಹತ್ತರಷ್ಟು ದಕ್ಷತೆಯ ಸಾಧನದಲ್ಲಿ ಚದರ ಸೆಂಟಿಮೀಟರಿಗೆ ಹರಿಯುವ ಪ್ರವಾಹ ಸರಿಸುಮಾರು ಅಷ್ಟು. ಕಾರ್ಖಾನೆಯ ಕೋಶದಲ್ಲಿ ಹರಿಯುವುದು 1ರಿಂದ 3 ಆಂಪಿಯರ್. ಒಂದು ಆಮ್ಲಜನಕ ಅಣುವಿಗೆ ನಾಲ್ಕು ಎಲೆಕ್ಟ್ರಾನುಗಳೆಂದು ಫ್ಯಾರಡೆ ನಿಯಮದಿಂದ ಲೆಕ್ಕ ಹಾಕಿದರೆ, 10 ಮಿಲಿಆಂಪಿಯರಿನಲ್ಲಿ 100 ಗಂಟೆ ನಡೆದಾಗ ಬರುವಷ್ಟು ಆಮ್ಲಜನಕ 2 ಆಂಪಿಯರಿನಲ್ಲಿ ಅರ್ಧ ಗಂಟೆಯಲ್ಲೇ ಬಂದುಬಿಡುತ್ತದೆ. ಅರ್ಧ ಗಂಟೆ ನಿಂತಿತೆಂದು ಯಾರೂ ಪ್ರಬಂಧ ಬರೆಯುವುದಿಲ್ಲ.

ಕರಗುವಿಕೆಯನ್ನು ಅಳೆಯಲು 2018ರಲ್ಲಿ ಜರ್ಮನಿಯ ಸಂಶೋಧಕರು ಸೂಚಿಸಿದ ಸ್ಥಿರತಾ ಸಂಖ್ಯೆ ನನಗೆ ಅತ್ಯಂತ ಪ್ರಾಮಾಣಿಕವಾದ ಅಳತೆಗೋಲಾಗಿ ಕಾಣುತ್ತದೆ. ಲೋಹದ ಒಂದು ಪರಮಾಣು ಕರಗುವಷ್ಟರಲ್ಲಿ ಎಷ್ಟು ಆಮ್ಲಜನಕದ ಅಣುಗಳು ಹೊರಬಂದವು ಎಂಬುದೇ ಆ ಸಂಖ್ಯೆ. ವೇಗವರ್ಧಕ ಎಷ್ಟು ಹಾಕಿದ್ದೀರಿ, ಮೇಲ್ಮೈ ಎಷ್ಟು ಎಂಬ ಗೊಂದಲಗಳೆಲ್ಲ ಭಾಗಾಕಾರದಲ್ಲಿ ಕಳೆದುಹೋಗುತ್ತವೆ. ಸ್ಫಟಿಕವಲ್ಲದ ಇರಿಡಿಯಂ ಆಕ್ಸೈಡಿಗೆ ಅದು ಹತ್ತು ಸಾವಿರದಿಂದ ಲಕ್ಷದ ಮಟ್ಟದಲ್ಲಿದ್ದರೆ, ಚೆನ್ನಾಗಿ ಸುಟ್ಟ ಸ್ಫಟಿಕ ಆಕ್ಸೈಡಿಗೆ ಹತ್ತು ಲಕ್ಷದಿಂದ ಕೋಟಿಯವರೆಗೆ, ಅದಕ್ಕೂ ಮೇಲೆ ಹೋಗುತ್ತದೆ.

ಒಂದು ಕೋಟಿ ಎಂದೇ ಇಟ್ಟುಕೊಳ್ಳೋಣ. 2 ಆಂಪಿಯರಿನಲ್ಲಿ ಗಂಟೆಗೆ ಚದರ ಸೆಂಟಿಮೀಟರಿನಿಂದ 0.0187 ಮೋಲ್ ಆಮ್ಲಜನಕ ಬರುತ್ತದೆ. 2 ಮಿಲಿಗ್ರಾಂ ಇರಿಡಿಯಂ ಪೂರ್ತಿ ಕರಗಲು ಸುಮಾರು 5,600 ಗಂಟೆ ಸಾಕು, ಅಂದರೆ ಎಂಟು ತಿಂಗಳೂ ಇಲ್ಲ. ಈಗ ನೀವು ಇರಿಡಿಯಮ್ಮನ್ನು ಹತ್ತನೇ ಒಂದಕ್ಕೆ ಇಳಿಸಿದಿರಿ ಎನ್ನಿ: 560 ಗಂಟೆ, ಇಪ್ಪತ್ಮೂರು ದಿನ. ಉದ್ಯಮ ಕೇಳುತ್ತಿರುವುದು 80,000 ಗಂಟೆ. ಅಷ್ಟು ಕಾಲದಲ್ಲಿ ಅರ್ಧ ಇರಿಡಿಯಮ್ಮಾದರೂ ಉಳಿಯಬೇಕಾದರೆ 0.2 ಮಿಲಿಗ್ರಾಮಿನ ಆನೋಡಿಗೆ ಸುಮಾರು 300 ಕೋಟಿಯ ಸ್ಥಿರತಾ ಸಂಖ್ಯೆ ಬೇಕು. ಇರಿಡಿಯಂ ಉಳಿತಾಯವೂ ಬಾಳಿಕೆಯೂ ಎರಡು ಬೇರೆ ಬೇರೆ ಗುರಿಗಳೆಂದು ಹೇಳುವವರಿಗೆ ಈ ಗುಣಾಕಾರವನ್ನು ತೋರಿಸಬೇಕು. ಹಾಕುವುದನ್ನು ಹತ್ತು ಪಟ್ಟು ಇಳಿಸಿದರೆ ಕರಗದಿರುವ ಗುಣವನ್ನು ಹತ್ತು ಪಟ್ಟು ಏರಿಸಲೇಬೇಕು.

ಚುರುಕಿನ ಕಡೆ ಈ ಶಿಕ್ಷೆ ಇಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. ಪ್ರವಾಹ ಹತ್ತು ಪಟ್ಟಾಗಲು ಎಷ್ಟು ಹೆಚ್ಚುವರಿ ವಿಭವ ಬೇಕೆಂದು ಹೇಳುವ ಟಾಫೆಲ್ ಇಳಿಜಾರು ಇರಿಡಿಯಂ ಆಕ್ಸೈಡಿಗೆ 45ರಿಂದ 60 ಮಿಲಿವೋಲ್ಟ್. ಅಂದರೆ ಬರಿಯ ಕ್ರಿಯಾವೇಗದ ದೃಷ್ಟಿಯಿಂದ, ವೇಗವರ್ಧಕವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ನಾವು ತೆರಬೇಕಾದ ದಂಡ ಆ 50 ಮಿಲಿವೋಲ್ಟಿನಷ್ಟೇ. ಕಿಲೋಗ್ರಾಂ ಹೈಡ್ರೋಜನ್ನಿಗೆ ಸುಮಾರು 26,600 ಆಂಪಿಯರ್-ಗಂಟೆ ಬೇಕಾದ್ದರಿಂದ 50 ಮಿಲಿವೋಲ್ಟ್ ಎಂದರೆ 1.3 ಯೂನಿಟ್, 1.8 ವೋಲ್ಟಿನ ಕೋಶದ ಒಟ್ಟು 48 ಯೂನಿಟ್ಟಿನಲ್ಲಿ ಶೇಕಡಾ ಮೂರಕ್ಕಿಂತ ಕಡಿಮೆ. ಚುರುಕಿನಲ್ಲಿ ಹತ್ತು ಪಟ್ಟು ಸೋತರೆ ಮೂರು ಶೇಕಡಾ ನಷ್ಟ, ಬಾಳಿಕೆಯಲ್ಲಿ ಹತ್ತು ಪಟ್ಟು ಸೋತರೆ ಯಂತ್ರವೇ ಇಲ್ಲ. ಮೂಲ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ.

ಗಣಕ ರಸಾಯನಿ

ಲೆಕ್ಕ ಸರಿಯಾಗಿದೆ, ಆದರೆ ಅದರ ಒಂದು ಕೊಂಡಿಯನ್ನು ಪ್ರಶ್ನಿಸಬೇಕು. ನಿಮ್ಮ ಲೆಕ್ಕದಂತೆ ಇಂದಿನ ವಾಣಿಜ್ಯ ಕೋಶಗಳೂ ಎಂಟು ತಿಂಗಳೊಳಗೆ ಸಾಯಬೇಕಿತ್ತು. ಅವು ವರ್ಷಗಟ್ಟಲೆ ನಡೆಯುತ್ತಿವೆ. ದ್ರಾವಣದಲ್ಲಿ ಅಳೆದ ಸ್ಥಿರತಾ ಸಂಖ್ಯೆಗೂ ಪೊರೆಯ ಕೋಶದಲ್ಲಿ ಅಳೆದದ್ದಕ್ಕೂ ಬಹಳ ಅಂತರವಿದೆಯೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕೋಶದಲ್ಲಿ ಹರಿಯುವುದು ಶುದ್ಧ ನೀರು, ವೇಗವರ್ಧಕದ ಸುತ್ತಣ ಆಮ್ಲತೆ ನಾವು ಊಹಿಸಿದಷ್ಟು ತೀವ್ರವಲ್ಲದಿರಬಹುದು, ಕರಗಿದ ಇರಿಡಿಯಂ ದಪ್ಪ ಪದರದೊಳಗೆ ಸಿಕ್ಕಿಕೊಂಡು ಸಮತೋಲನಕ್ಕೆ ಬರಬಹುದು. ಆದ್ದರಿಂದ 300 ಕೋಟಿ ಎಂಬ ಸಂಖ್ಯೆಯನ್ನು ದ್ರಾವಣದ ಪ್ರಯೋಗದಲ್ಲಿ ಕಾಣಬೇಕೆಂದು ಹಟ ಹಿಡಿದರೆ ಒಳ್ಳೆಯ ವಸ್ತುಗಳನ್ನೂ ಎಸೆದುಬಿಡುತ್ತೇವೆ.

ಕೋಶ ಪರೀಕ್ಷಕ, ದೊಡ್ಡಬಳ್ಳಾಪುರ ರಸ್ತೆ

ಒಪ್ಪುತ್ತೇನೆ, ಸರ್. ಆದರೆ ನೀವು ಹೇಳಿದ ಆ ರಕ್ಷಣೆ ದಪ್ಪ ಪದರಕ್ಕೆ ಸಿಗುವಂಥದ್ದು. 0.2 ಮಿಲಿಗ್ರಾಮಿನ ತೆಳು ಪದರದಲ್ಲಿ ಕರಗಿದ ಅಯಾನು ಪೊರೆಯೊಳಗೆ ನುಗ್ಗಲು ಹೆಚ್ಚು ದೂರವಿರುವುದಿಲ್ಲ. ಅದಕ್ಕೇ ದ್ರಾವಣದ ಸಂಖ್ಯೆಯನ್ನು ನಾನು ಅಂತಿಮ ತೀರ್ಪಾಗಿ ಬಳಸುವುದಿಲ್ಲ, ಎರಡು ವಸ್ತುಗಳ ನಡುವೆ ಹೋಲಿಸಲು ಬಳಸುತ್ತೇನೆ.

ಇದರ ಜೊತೆ ಯಾರೂ ಹೆಚ್ಚು ಮಾತನಾಡದ ಒಂದು ತೊಂದರೆ ಇದೆ. ಸಂಜೆ ಕೋಶವನ್ನು ನಿಲ್ಲಿಸಿದಾಗ ಕ್ಯಾಥೋಡಿನ ಹೈಡ್ರೋಜನ್ ಪೊರೆಯ ಮೂಲಕ ಆನೋಡಿಗೆ ಸೋರಿ ಇರಿಡಿಯಂ ಆಕ್ಸೈಡಿನ ಮೇಲ್ಪದರವನ್ನು ಲೋಹಕ್ಕೆ ಇಳಿಸುತ್ತದೆ, ಬೆಳಿಗ್ಗೆ ಮತ್ತೆ ಚಾಲೂ ಮಾಡಿದಾಗ ಆ ಲೋಹ ಸ್ಫಟಿಕವಲ್ಲದ ಆಕ್ಸೈಡಾಗಿ ಬದಲಾಗುತ್ತಾ ಕರಗುತ್ತದೆ. ಸ್ಥಿರ ಪ್ರವಾಹದಲ್ಲಿ ಸಾವಿರ ಗಂಟೆ ನಿಂತ ವಸ್ತು ಪಾವಗಡದ ಹಗಲು ರಾತ್ರಿಗಳಲ್ಲಿ ನಿಲ್ಲುತ್ತದೆಂದು ಹೇಳಲಾಗುವುದಿಲ್ಲ.

ವಿಜ್ಞಾನ ಓದುಗ, ವಿಜಯನಗರ

ನಾನು ಈ ಕ್ಷೇತ್ರದವನಲ್ಲ, ಆದರೂ ಒಂದು ಸಂದೇಹ. 2024ರ ಬೇಸಿಗೆಯಲ್ಲಿ ನಮ್ಮ ಬಡಾವಣೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯಬೇಕಾಯಿತು. ಇಂಥ ಊರಿನಲ್ಲಿ ನೀರನ್ನು ಒಡೆಯುವ ಕಾರ್ಖಾನೆಗಳ ಮಾತು ಹೇಗೆ? ಸಂಸ್ಕರಿಸಿದ ನೀರು ಆಗುವುದಿಲ್ಲವೆ?

ಬಸವನಗುಡಿಯ ನಿವೃತ್ತ ಮೇಷ್ಟ್ರು

ರಾಸಾಯನಿಕ ಲೆಕ್ಕದಂತೆ ಒಂದು ಕಿಲೋಗ್ರಾಂ ಹೈಡ್ರೋಜನ್ನಿಗೆ 9 ಲೀಟರ್ ನೀರು. ಶುದ್ಧೀಕರಣ, ತಂಪುಗೊಳಿಸುವಿಕೆ ಸೇರಿದರೆ ಅದಕ್ಕಿಂತ ಹೆಚ್ಚು. ಸಂಸ್ಕರಿಸಿದ ನೀರು ಆಗುತ್ತದೆ, ಆದರೆ ಅಯಾನುಗಳನ್ನೆಲ್ಲ ತೆಗೆದ ಮೇಲೆ. ಕ್ಯಾಲ್ಸಿಯಂ, ಸೋಡಿಯಂ ಪೊರೆಯಲ್ಲಿ ಪ್ರೋಟಾನುಗಳ ಜಾಗವನ್ನು ಹಿಡಿದುಕೊಳ್ಳುತ್ತವೆ, ಕಬ್ಬಿಣವಂತೂ ಪೆರಾಕ್ಸೈಡಿನೊಡನೆ ಸೇರಿ ಪೊರೆಯನ್ನೇ ಕತ್ತರಿಸುವ ರಾಡಿಕಲ್ಲುಗಳನ್ನು ಹುಟ್ಟಿಸುತ್ತದೆ. ವಿನ್ಯಾಸಕಾರರಿಗೂ ಇದರಲ್ಲಿ ಎಚ್ಚರಿಕೆಯಿದೆ: ಅಗ್ಗದ ಲೋಹವನ್ನು ವೇಗವರ್ಧಕಕ್ಕೆ ಬೆರೆಸಿದಾಗ ಅದು ಕರಗಿ ಎಲ್ಲಿಗೆ ಹೋಗುತ್ತದೆಂಬುದನ್ನೂ ನೋಡಬೇಕು. ಬೆರೆಸಿದ ನಿಕಲ್ ಹೊರಬಿದ್ದು ರಚನೆ ಚುರುಕಾಯಿತು ಎಂದು ಸಂತೋಷಪಟ್ಟರೆ ಸಾಲದು, ಆ ನಿಕಲ್ ಪೊರೆಯಲ್ಲಿ ಕೂತಿರುತ್ತದೆ.

ಗಣಕ ರಸಾಯನಿ

ಅಗ್ಗದ ಲೋಹಗಳ ಮಾತು ಬಂದದ್ದರಿಂದ ಅವುಗಳನ್ನೂ ನೋಡೋಣ. ನನ್ನ ದೃಷ್ಟಿಯಲ್ಲಿ ಇಡೀ ಕ್ಷೇತ್ರದ ಅತ್ಯಂತ ಬುದ್ಧಿವಂತ ವಿನ್ಯಾಸ ಜಪಾನಿನ ರಿಕೆನ್ ಸಂಸ್ಥೆಯ ಮ್ಯಾಂಗನೀಸಿನ ಕೆಲಸ. ಅವರು ಹೆಚ್ಚು ಚುರುಕಾದದ್ದನ್ನು ಹುಡುಕಲಿಲ್ಲ. ಮ್ಯಾಂಗನೀಸ್ ಡೈಆಕ್ಸೈಡ್ ಯಾವ ವಿಭವದಲ್ಲಿ ಪರ್‌ಮ್ಯಾಂಗನೇಟ್ ಆಗಿ ಕರಗಲು ಆರಂಭಿಸುತ್ತದೆ ಎಂಬುದನ್ನು ದ್ರಾವಣದ ಬಣ್ಣದಿಂದಲೇ ಪತ್ತೆಹಚ್ಚಿ, ಆಮ್ಲಜನಕ ಬರುವ ವಿಭವಕ್ಕೂ ಕರಗುವ ವಿಭವಕ್ಕೂ ನಡುವೆ ಇರುವ ಕಿರಿದಾದ ಕಿಟಕಿಯನ್ನು ಗುರುತಿಸಿದರು. ಆ ಕಿಟಕಿಯೊಳಗೇ ನಡೆಸಿದಾಗ 2019ರ ವರದಿಯಂತೆ 10 ಮಿಲಿಆಂಪಿಯರಿನಲ್ಲಿ 8,000 ಗಂಟೆ ನಿಂತಿತು. ಕೋಶ ಪರೀಕ್ಷಕರ ಲೆಕ್ಕದಲ್ಲಿ ಅದು 2 ಆಂಪಿಯರಿನ 40 ಗಂಟೆ ಎಂಬುದು ಗೊತ್ತು. ಆದರೂ ವಿಧಾನ ಮುಖ್ಯ. ಆಮೇಲೆ ಆಕ್ಸೈಡಿನೊಳಗೆ ಮ್ಯಾಂಗನೀಸಿಗೆ ಗಟ್ಟಿಯಾಗಿ ಅಂಟುವ ಸಮತಲೀಯ ಆಮ್ಲಜನಕದ ಪಾಲನ್ನು ಹೆಚ್ಚಿಸಿ, 2024ರಲ್ಲಿ 200 ಮಿಲಿಆಂಪಿಯರಿನಲ್ಲಿ ಒಂದು ತಿಂಗಳಿಗೂ ಹೆಚ್ಚು ನಡೆಸಿದರು. ಅದೇ ವರ್ಷ ಮ್ಯಾಂಗನೀಸ್ ಆಕ್ಸೈಡಿನ ಮೇಲೆ ಬಿಡಿಬಿಡಿ ಇರಿಡಿಯಂ ಪರಮಾಣುಗಳನ್ನು ಆರರ ಉತ್ಕರ್ಷಣ ಸ್ಥಿತಿಯಲ್ಲಿ ನಿಲ್ಲಿಸಿ, ಇರಿಡಿಯಂ ಬಳಕೆಯನ್ನು ಶೇಕಡಾ 95ರಷ್ಟು ಇಳಿಸಬಹುದೆಂದೂ ತೋರಿಸಿದರು.

ಕೋಬಾಲ್ಟಿನಲ್ಲಿ ಅಮೆರಿಕದ ಆರ್ಗಾನ್ (Argonne) ರಾಷ್ಟ್ರೀಯ ಪ್ರಯೋಗಾಲಯದವರು 2023ರಲ್ಲಿ ಲ್ಯಾಂಥನಂ, ಮ್ಯಾಂಗನೀಸ್ ಸೇರಿಸಿದ, ಸ್ಪೈನಲ್ ಎಂಬ ಸ್ಫಟಿಕ ರಚನೆಯ ಕೋಬಾಲ್ಟ್ ಆಕ್ಸೈಡಿನಿಂದ ನಿಜವಾದ ಪೊರೆಯ ಕೋಶದಲ್ಲಿ 2 ಆಂಪಿಯರ್ ಪಡೆದರು, ಆದರೆ ಅದಕ್ಕೆ 2.47 ವೋಲ್ಟ್ ಬೇಕಾಯಿತು. 2024ರಲ್ಲಿ ಸ್ಪೇನಿನ ತಂಡ ಕೋಬಾಲ್ಟ್ ಟಂಗ್‌ಸ್ಟೇಟಿನಲ್ಲಿ ಟಂಗ್‌ಸ್ಟೇಟನ್ನು ಭಾಗಶಃ ಹೊರತೆಗೆದು, ಆ ಖಾಲಿ ಜಾಗದಲ್ಲಿ ನೀರನ್ನೂ ಹೈಡ್ರಾಕ್ಸೈಡನ್ನೂ ಹಿಡಿದಿಟ್ಟು, 1 ಆಂಪಿಯರಿನಲ್ಲಿ ಸುಮಾರು 600 ಗಂಟೆ ನಡೆಸಿತು. ಖಾಲಿ ಜಾಗ ಉಂಟಾದರೆ ಜಾಲಕ ಕುಸಿಯುತ್ತದೆಂದು ನಾವೆಲ್ಲ ಹೆದರುವಾಗ, ಅದನ್ನು ಮೊದಲೇ ನೀರಿನಿಂದ ತುಂಬಿಸಿ ಆಧಾರ ಕೊಡುವ ಆಲೋಚನೆ ನನಗೆ ಬಹಳ ಹಿಡಿಸಿತು.

ಗಣಕದಿಂದ ಹೊಸ ವಸ್ತುಗಳನ್ನು ಹುಡುಕುವವರ ಬಗ್ಗೆ, ಅಂದರೆ ನನ್ನ ಬಳಗದವರ ಬಗ್ಗೆಯೇ, ಒಂದು ದೂರು. ಯಂತ್ರಕಲಿಕೆಯ ಮಾದರಿಗಳು ಈಗ ಲಕ್ಷಗಟ್ಟಲೆ ಆಕ್ಸೈಡುಗಳಲ್ಲಿ ಓಎಚ್ ಹಿಡಿತದ ಶಕ್ತಿಯನ್ನು ಕ್ಷಣದಲ್ಲಿ ಹೇಳುತ್ತವೆ. ಕರಗುವಿಕೆಯ ವೇಗವನ್ನು ಅಷ್ಟು ಸುಲಭವಾಗಿ ಹೇಳುವ ಮಾದರಿ ಇಲ್ಲ, ಏಕೆಂದರೆ ಕಲಿಸಲು ಸಾಕಷ್ಟು ಅಳತೆಗಳಿಲ್ಲ. ಹೀಗಾಗಿ ಸುಲಭವಾಗಿ ಲೆಕ್ಕಕ್ಕೆ ಸಿಗುವುದನ್ನೇ ಮುಖ್ಯವೆಂದು ನಂಬುತ್ತಿದ್ದೇವೆ. ಉಷ್ಣಬಲ ಶಾಸ್ತ್ರದ ಸ್ಥಿರತೆಯನ್ನು ಪೂರ್ಬೆ ಲೆಕ್ಕದಿಂದ ಜರಡಿ ಹಿಡಿಯುವುದು ಸಾಧ್ಯ, ಅದನ್ನಾದರೂ ಮೊದಲು ಮಾಡಬೇಕು.

ಪೀಣ್ಯದ ಲೇಪನದವರು

ಎಲ್ಲವನ್ನೂ ಓದಿದೆ. ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. ಬಾಳಿಕೆಯನ್ನು ಮುಂದಿಟ್ಟು ವಿನ್ಯಾಸ ಮಾಡಿದ ಆನೋಡು ಹೊಸದಲ್ಲ. 1960ರ ದಶಕದಲ್ಲಿ ಹೆನ್ರಿ ಬೀರ್ ಟೈಟಾನಿಯಮ್ಮಿನ ಮೇಲೆ ರುಥೇನಿಯಂ ಮತ್ತು ಟೈಟಾನಿಯಂ ಆಕ್ಸೈಡುಗಳನ್ನು ಬೆರೆಸಿ ಸುಟ್ಟು ತಯಾರಿಸಿದ ಲೇಪನ ಕ್ಲೋರಿನ್ ಉದ್ಯಮವನ್ನೇ ಬದಲಿಸಿತು, ಗ್ರಾಫೈಟ್ ಆನೋಡುಗಳು ಹೊರಟುಹೋದವು. ಅಲ್ಲಿ ರುಥೇನಿಯಂ ಕೆಲಸ ಮಾಡುತ್ತದೆ, ಟೈಟಾನಿಯಂ ಆಕ್ಸೈಡ್ ಅದನ್ನು ಹಿಡಿದುಕೊಂಡಿರುತ್ತದೆ. ಆಮ್ಲಜನಕ ಬರುವ ಕೆಲಸಗಳಿಗೆ ಇರಿಡಿಯಂ ಮತ್ತು ಟ್ಯಾಂಟಲಮ್ಮಿನ ಲೇಪನವನ್ನು ಇಂದಿಗೂ ಬಳಸುತ್ತಾರೆ. ಚುರುಕಾದದ್ದನ್ನೂ ಜಡವಾದದ್ದನ್ನೂ ಒಂದೇ ಘನದಲ್ಲಿ ಕರಗಿಸಿಡುವ ಆ ಉಪಾಯವನ್ನು ಪಿಇಎಂ ಸಂಶೋಧಕರು ಇನ್ನಷ್ಟು ಗಂಭೀರವಾಗಿ ನೋಡಬೇಕೆಂದು ನನ್ನ ಅನಿಸಿಕೆ.

ಆಮೇಲೆ, ವೇಗವರ್ಧಕ ಎಷ್ಟು ತೆಳುವಾಗುತ್ತದೋ ಅಷ್ಟು ಅದರ ಕೆಳಗಿನ ಟೈಟಾನಿಯಂ ಕಾಡಿಸುತ್ತದೆ. ಅದರ ಮೇಲೆ ಬೆಳೆಯುವ ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುತ್ತದೆ, ತೆಳು ಪದರದಲ್ಲಿ ಅಲ್ಲಲ್ಲಿ ಸಂಪರ್ಕ ಕಡಿದು ಒಳ್ಳೆಯ ಕ್ಯಾಟಲಿಸ್ಟ್ ಸುಮ್ಮನೆ ಕೂತಿರುತ್ತದೆ. ಅದಕ್ಕೇ ಟೈಟಾನಿಯಂ ಜಾಲರಿಗೆ ಪ್ಲಾಟಿನಂ ಲೇಪಿಸುತ್ತಾರೆ. 50 ಮಿಲಿವೋಲ್ಟ್ ಉಳಿಸಿದೆವೆಂದು ಬರುವವರ ಮಾದರಿಯಲ್ಲಿ ಸಂಪರ್ಕದ ರೋಧವೇ ಅದಕ್ಕಿಂತ ಹೆಚ್ಚು ತಿನ್ನುವುದನ್ನು ನಾವು ನೋಡಿದ್ದೇವೆ.

ಯಲಹಂಕದ ಸಂಶೋಧನಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ಈ ಚರ್ಚೆಯ ಬೆಳಕಿನಲ್ಲಿ ನನ್ನ ಯೋಜನೆಯನ್ನು ಹೀಗೆ ಹೊಂದಿಸಬೇಕೆಂದಿದ್ದೇನೆ. ರುಥೇನಿಯಂ ಆಕ್ಸೈಡನ್ನು ಟೈಟಾನಿಯಂ, ಟ್ಯಾಂಟಲಂ ಅಥವಾ ನಯೋಬಿಯಂ ಆಕ್ಸೈಡುಗಳೊಂದಿಗೆ ಒಂದೇ ರೂಟೈಲ್ ಘನವಾಗಿ ಬೆಳೆಸಿ, ಮೊದಲು ಎಲ್ಲ ಮಿಶ್ರಣಗಳ ಸ್ಥಿರತಾ ಸಂಖ್ಯೆಯನ್ನು ಅಳೆಯುತ್ತೇನೆ. ಒಂದು ಮಿತಿಗಿಂತ ಕೆಳಗಿರುವುದನ್ನು, ಅದರ ಓವರ್‌ಪೊಟೆನ್ಷಿಯಲ್ ಎಷ್ಟೇ ಆಕರ್ಷಕವಾಗಿರಲಿ, ಕೈಬಿಡುತ್ತೇನೆ. ಉಳಿದವುಗಳಲ್ಲಿ ಐಸೊಟೋಪ್ ಪ್ರಯೋಗದಿಂದ ಜಾಲಕದ ಆಮ್ಲಜನಕ ಭಾಗವಹಿಸುತ್ತಿದೆಯೇ ಎಂದು ನೋಡಿ, ಭಾಗವಹಿಸದವುಗಳನ್ನು ಮಾತ್ರ ಪೊರೆಯ ಕೋಶಕ್ಕೆ ಕೊಂಡೊಯ್ಯುತ್ತೇನೆ. ದ್ರಾವಣದ ಪ್ರಯೋಗವನ್ನು ಗಾಜಿನಂಥ ಇಂಗಾಲದ ತಿರುಗುವ ತಟ್ಟೆಯ ವಿದ್ಯುದ್ವಾರದ ಮೇಲೆ ಮಾಡುವುದಾದರೆ ಅಡ್ಡಿಯಿಲ್ಲವೆ?

ಕೋಶ ಪರೀಕ್ಷಕ, ದೊಡ್ಡಬಳ್ಳಾಪುರ ರಸ್ತೆ

ಅಡ್ಡಿಯಿದೆ. ಆ ವಿಭವದಲ್ಲಿ ಇಂಗಾಲದ ಮೇಲ್ಮೈಯೇ ಉತ್ಕರ್ಷಣಗೊಂಡು ರೋಧ ಏರುತ್ತದೆ, ವಿಭವ ಏರಿದ್ದನ್ನು ನೋಡಿ ನೀವು ವೇಗವರ್ಧಕ ಸತ್ತಿತೆಂದು ಬರೆಯುತ್ತೀರಿ. ಚಿನ್ನದ ತಟ್ಟೆಯನ್ನೋ ಪ್ಲಾಟಿನಂ ಲೇಪಿಸಿದ ಟೈಟಾನಿಯಮ್ಮನ್ನೋ ಬಳಸಿ. ಅವುಗಳಿಂದ ಕರಗಿದ್ದನ್ನೂ ಅಳತೆಯಲ್ಲಿ ಬೇರೆಯಾಗಿ ನೋಡಿ. ತಿರುಗುವ ತಟ್ಟೆಯಲ್ಲಿ ಪದರದೊಳಗೆ ಸಿಕ್ಕಿಕೊಳ್ಳುವ ಸೂಕ್ಷ್ಮ ಗುಳ್ಳೆಗಳೂ ಇದೇ ಮೋಸ ಮಾಡುತ್ತವೆ: ತಾಣಗಳು ಮುಚ್ಚಿಕೊಂಡು ವಿಭವ ಏರುತ್ತದೆ, ಗುಳ್ಳೆಗಳನ್ನು ಹೊರಹಾಕಿದರೆ ಚುರುಕು ಮರಳಿ ಬರುತ್ತದೆ. ಆದ್ದರಿಂದ ವಿಭವದ ರೇಖೆಯೊಂದರಿಂದಲೇ ಬಾಳಿಕೆಯನ್ನು ನಿರ್ಧರಿಸಬೇಡಿ. ದ್ರಾವಣವನ್ನು ನಿಯತವಾಗಿ ತೆಗೆದು, ಅತಿ ಅಲ್ಪ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ ರಾಶಿ ರೋಹಿತಮಾಪಕಕ್ಕೆ ಕಳಿಸಿ. ರುಥೇನಿಯಂ ಆದ್ದರಿಂದ, ಟೆಟ್ರಾಕ್ಸೈಡ್ ಆವಿಯಾಗಿ ಹೋದದ್ದು ದ್ರಾವಣದಲ್ಲಿ ಸಿಗುವುದಿಲ್ಲ. ಹೊರಹೋಗುವ ಅನಿಲವನ್ನು ಕ್ಷಾರದ ದ್ರಾವಣದ ಮೂಲಕ ಹಾಯಿಸಿ ಅದನ್ನೂ ಅಳೆಯಿರಿ, ಇಲ್ಲದಿದ್ದರೆ ನಿಮ್ಮ ಸ್ಥಿರತಾ ಸಂಖ್ಯೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಪೀಣ್ಯದ ಲೇಪನದವರು

ಟೈಟಾನಿಯಂ ಬೇಕಾದರೆ ಸಣ್ಣ ತುಂಡುಗಳನ್ನು ಕೊಡಬಹುದು, ಮೇಡಂ. ಮರಳು ಹಾರಿಸಿ ಒರಟು ಮಾಡಿ, ಬಿಸಿ ಆಕ್ಸಾಲಿಕ್ ಆಮ್ಲದಲ್ಲಿ ಅದ್ದಿ ಮೇಲಿನ ಆಕ್ಸೈಡನ್ನು ತೆಗೆದ ತಕ್ಷಣ ಲೇಪಿಸಬೇಕು; ತೆಗೆದುಕೊಂಡು ಹೋಗಿ ಯಲಹಂಕದಲ್ಲಿ ಮರುದಿನ ಲೇಪಿಸುತ್ತೇವೆಂದರೆ ಅಷ್ಟರಲ್ಲಿ ಹೊಸ ಆಕ್ಸೈಡ್ ಬೆಳೆದಿರುತ್ತದೆ. ನಿಮ್ಮ ಲವಣದ ದ್ರಾವಣವನ್ನೇ ಇಲ್ಲಿಗೆ ತಂದು, ನಮ್ಮ ಕುಲುಮೆಯಲ್ಲೇ ಪದರ ಪದರವಾಗಿ ಸುಟ್ಟುಕೊಂಡು ಹೋಗುವುದು ಒಳ್ಳೆಯದು. ಎಷ್ಟು ಡಿಗ್ರಿಯಲ್ಲಿ ಸುಡಬೇಕೆಂದಿದ್ದೀರಿ ಎಂಬುದನ್ನು ಮೊದಲು ತಿಳಿಸಿ, ಕುಲುಮೆ ಖಾಲಿಯಿರುವ ದಿನವನ್ನು ನೋಡಿ ಹೇಳುತ್ತೇನೆ.